ಟಿಎಕ್ಸ್‌ಟಿ ದಾಖಲೆಯ ಒಂದು ಸಾಲು: ವ್ಯಾಖ್ಯಾನ

ಮೂಲ: @ 3600 ಐಎನ್ ಟಿಎಕ್ಸ್‌ಟಿ "ವಿ=ಎಸ್‌ಪಿಎಫ್1 ಐಪಿ4:203.0.113.25 ಇನ್‌ಕ್ಲೂಡ್:_ಎಸ್‌ಪಿಎಫ್.ಗೂಗಲ್.ಕಾಮ್ -ಆಲ್"

ಅವತರಣಿಕೆ. ಕಡೂರಿನ ಕೊಬ್ಬರಿ ವರ್ತಕನಾಗಲಿ, ತರೀಕೆರೆಯ ಅಡಿಕೆ ಮಂಡಿಯಾಗಲಿ, ಅಜ್ಜಂಪುರದ ಈರುಳ್ಳಿ ವ್ಯಾಪಾರಿಯಾಗಲಿ, ಸ್ವಂತ ಡೊಮೇನಿನ ಹೆಸರಿನಲ್ಲಿ ಪರಊರಿನ ಗಿರಾಕಿಗೆ ಇ-ಮೇಲ್‌ನಲ್ಲಿ ಬಿಲ್ಲು ಕಳಿಸುವವರೆಲ್ಲರಿಗೂ ಈ ಸಾಲು ಬೇಕು. ಇ-ಮೇಲ್‌ನ ಮೂಲವಿಧಿಯಲ್ಲಿ ಕಳಿಸುವವನ ಹೆಸರಿಗೆ ಕಾವಲಿಲ್ಲ. ಬ್ಯಾಂಕ್ ಖಾತೆಯ ಸಂಖ್ಯೆ ಬದಲಿಸಿದ ಕಳ್ಳಬಿಲ್ಲು ಅದೇ ಹೆಸರು ಹೊತ್ತು ಹೊರಡಬಹುದು. ಆದ್ದರಿಂದ, ತನ್ನ ಹೆಸರಿನಲ್ಲಿ ಪತ್ರ ಕಳಿಸಲು ಯಾರಿಗೆ ಅಧಿಕಾರವೆಂಬುದನ್ನು ಡೊಮೇನಿನ ಒಡೆಯನೇ ಇಲ್ಲಿ ಸಾರುತ್ತಾನೆ. ಈ ಕ್ರಮಕ್ಕೆ ಎಸ್‌ಪಿಎಫ್ ಎಂದು ಹೆಸರು. ಓದಿಗಾಗಿ ಸಾಲನ್ನು ಕನ್ನಡಕ್ಷರದಲ್ಲಿ ಕೊಟ್ಟಿದೆ. ದಾಖಲೆಯಲ್ಲಿ ರೋಮನ್ ಅಕ್ಷರಗಳನ್ನೇ ಬಳಸತಕ್ಕದ್ದು.

‘@’ ಎಂದರೆ ಡೊಮೇನಿನ ಮೂಲ ಹೆಸರು. ಡೊಮೇನ್ ಕೊಂಡಲ್ಲಿನ, ಹೆಸರಿನ ದಾಖಲೆಗಳನ್ನಿಡುವ ಡಿಎನ್‌ಎಸ್ ಪುಟದಲ್ಲಿ ‘ಹೋಸ್ಟ್’ ಅಥವಾ ‘ನೇಮ್’ ಎಂಬ ಚೌಕ ಇದರ ಸ್ಥಾನ. ಅಲ್ಲಿ ಪೂರ್ತಿ ಹೆಸರನ್ನೇ ಬರೆದರೆ ಕೆಲವು ಪುಟಗಳು ಅದರ ಮುಂದೆ ಮತ್ತೊಮ್ಮೆ ಡೊಮೇನನ್ನು ಸೇರಿಸಿಬಿಡುತ್ತವೆ. ಆಗ ಸಾಲು ಶುದ್ಧವಾಗಿದ್ದರೂ ಯಾರೂ ಹುಡುಕದ ಜಾಗದಲ್ಲಿ ಬಿದ್ದಿರುತ್ತದೆ.

‘3600’ ಸೆಕೆಂಡುಗಳ ಲೆಕ್ಕ, ಅರ್ಥಾತ್ ಒಂದು ತಾಸು. ಒಮ್ಮೆ ಓದಿದ ಉತ್ತರವನ್ನು ಬೇರೆ ಸರ್ವರ್‌ಗಳು ಅಷ್ಟು ಹೊತ್ತು ಇಟ್ಟುಕೊಳ್ಳಬಹುದು. ‘ಐಎನ್’ ಎಂಬುದು ಇಂಟರ್ನೆಟ್ ವರ್ಗದ ಸೂಚನೆ.

‘ಟಿಎಕ್ಸ್‌ಟಿ’ ದಾಖಲೆಯ ಜಾತಿ. ಬರಿಯ ಪಠ್ಯ ಎಂಬ ಭಾವ. 1987ರ ಇಂಟರ್ನೆಟ್ ನಿಯಮಪತ್ರ ಆರ್‌ಎಫ್‌ಸಿ 1035ರಲ್ಲಿ ಇದಕ್ಕೆ 16ನೆಯ ಸಂಖ್ಯೆ ದತ್ತವಾಯಿತು. ಒಂದು ಉದ್ಧರಣೆಯೊಳಗೆ 255 ಬೈಟ್ ಮಾತ್ರ ಹಿಡಿಯುತ್ತದೆ; ಮಿಕ್ಕದ್ದನ್ನು ಇನ್ನೊಂದು ಉದ್ಧರಣೆಯಲ್ಲಿ ಮುಂದುವರಿಸುವುದು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ತಗಲುವುದರಿಂದ, ಕನ್ನಡದಲ್ಲಿ ಬರೆದರೆ 85 ಸಂಕೇತಕ್ಕೇ ಜಾಗ ತೀರುತ್ತದೆ. ಇಲ್ಲಿ ಗೋಪ್ಯವೆಂಬುದಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇಗುಲದ ಬಳಿ ನಿಂತಿರುವ ಕಲ್ಲಿನ ಶಾಸನದಂತೆ ಇದು ಬಂದವರೆಲ್ಲರ ಓದಿಗೂ ತೆರೆದದ್ದು. ಪಾಸ್‌ವರ್ಡನ್ನು ಎಂದಿಗೂ ಇಲ್ಲಿಡಬಾರದು.

‘ವಿ=ಎಸ್‌ಪಿಎಫ್1’ ಉಳಿದೆಲ್ಲಕ್ಕೂ ಮುಖ. ಒಂದು ಹೆಸರಿನಲ್ಲಿ ಬಗೆಬಗೆಯ ಟಿಎಕ್ಸ್‌ಟಿ ದಾಖಲೆಗಳಿರಬಹುದಾದ ಕಾರಣ, ತನಗೆ ಬೇಕಾದುದನ್ನು ಪತ್ರ ಪಡೆಯುವ ಸರ್ವರ್ ಈ ಗುರುತಿನಿಂದ ಆರಿಸುತ್ತದೆ. ಹೀಗೆ ಮೊದಲಾಗುವ ದಾಖಲೆ ಒಂದೇ ಇರತಕ್ಕದ್ದು. ಎರಡಿದ್ದರೆ ಹೆಚ್ಚು ಭದ್ರವಲ್ಲವೇ ಎಂದು ಶಂಕೆ. ಅಲ್ಲ, 2014ರ ಆರ್‌ಎಫ್‌ಸಿ 7208ರ ಪ್ರಕಾರ ಎರಡು ಕಂಡರೆ ಫಲ ದೋಷವೇ. ಹೊಸ ಸೇವೆ ಸೇರಿದಾಗ ಇದೇ ಸಾಲನ್ನು ತಿದ್ದುವುದು.

‘ಐಪಿ4:203.0.113.25’ ಪತ್ರ ಹೊರಡುವ ಯಂತ್ರದ ವಿಳಾಸ. ಈ ಸಂಖ್ಯೆ ಉದಾಹರಣೆಗಳಿಗೆಂದೇ ಮೀಸಲಾದ ವರ್ಗದ್ದು. ನಿಜವಾದದ್ದನ್ನು ಇದರ ಜಾಗದಲ್ಲಿಡಬೇಕು.

‘ಇನ್‌ಕ್ಲೂಡ್’ ಅನ್ಯರ ಪಟ್ಟಿಯನ್ನು ತನ್ನದಾಗಿ ಅಂಗೀಕರಿಸುವ ಪದ. ಇಲ್ಲಿ ಗೂಗಲ್‌ನ ಮೇಲ್ ಸೇವೆಗೆ ಒಪ್ಪಿಗೆ. ಇಂಥ ಪ್ರತಿಯೊಂದು ಪದವೂ ಮತ್ತೊಂದು ಡಿಎನ್‌ಎಸ್ ಹುಡುಕಾಟವನ್ನು ಹುಟ್ಟಿಸುತ್ತದೆ. ಒಳಗೊಳಗಿನವೂ ಸೇರಿ ಹುಡುಕಾಟಗಳ ಮಿತಿ 10. ಮೀರಿದರೆ ಆಗಲೂ ದೋಷ. ಕಂಡ ಸೇವೆಯನ್ನೆಲ್ಲ ತುಂಬುವ ಅಭ್ಯಾಸ ಇಲ್ಲಿ ಕೆಡುಕಿಗೇ ದಾರಿ.

‘-ಆಲ್’ ಕೊನೆಯಲ್ಲೇ ಏಕೆ? ಸಾಲನ್ನು ಎಡದಿಂದ ಓದುತ್ತಾ ಬಂದಾಗ ಮೊದಲು ಹೊಂದಿದ ಪದವೇ ನಿರ್ಣಾಯಕ. ‘ಆಲ್’ ಎಲ್ಲಕ್ಕೂ ಹೊಂದುವುದರಿಂದ ಅದರ ಆಚೆಗೆ ಬರೆದದ್ದು ವ್ಯರ್ಥ. ‘-’ ಎಂದರೆ ಮಿಕ್ಕವರು ಅನಧಿಕೃತರು ಎಂಬ ಖಂಡಿತ ವಚನ. ‘~’ ಎಂದರೆ ಬಹುಶಃ ಅನಧಿಕೃತರು ಎಂಬ ಮೃದು ವಚನ. ಕಳಿಸುವ ಯಂತ್ರಗಳೆಲ್ಲ ಪಟ್ಟಿಗೆ ಬಂದವೆಂದು ಖಚಿತವಾಗುವ ತನಕ ‘~’ ಇಡುವುದೇ ವಿವೇಕ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಎಸ್‌ಪಿಎಫ್ ನೋಡುವುದು ಸರ್ವರ್‌ಗಳು ತಮ್ಮೊಳಗೆ ಹೇಳಿಕೊಳ್ಳುವ ಕಳುಹಿಸುವವನ ವಿಳಾಸವನ್ನು. ಓದುಗನ ಕಣ್ಣಿಗೆ ಬೀಳುವ ‘ಫ್ರಮ್’ ಸಾಲನ್ನಲ್ಲ. ಆ ಎರಡೂ ಹೊಂದುತ್ತವೆಯೇ ಎಂದು ಕೇಳುವುದು ಡಿಮಾರ್ಕ್ ಎಂಬ ಇನ್ನೊಂದು ಕ್ರಮ. ಅದೂ ಟಿಎಕ್ಸ್‌ಟಿ ದಾಖಲೆಯೇ. ಅದರ ಸ್ಥಾನ ‘@’ ಅಲ್ಲ, ‘_ಡಿಮಾರ್ಕ್’.