ಕಾನ್‌ರಾಡ್‌ಗೆ ಅಶ್ವಶಕ್ತಿಯ ಅಳತೆ ಸರಿಯೇ?

ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಾಫಿ ಸೀಮೆಗೆ ಮೋಟಾರು ರ್‍ಯಾಲಿಯ ಹುಚ್ಚು ಹಳೆಯದು. ಮಾರುತಿ ಜಿಪ್ಸಿಯ 1298 ಘನ ಸೆಂ.ಮೀ. ಎಂಜಿನ್ನಿನಿಂದ ಇನ್ನಷ್ಟು ಶಕ್ತಿ ಪಡೆಯಬೇಕೆನ್ನುವವರು ಕನೆಕ್ಟಿಂಗ್ ರಾಡ್ ಬದಲಿಸುವ ಯೋಚನೆಗೆ ಬರುತ್ತಾರೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಈ ದಂಡಕ್ಕೆ ಗ್ಯಾರೇಜಿನಲ್ಲಿ 'ಕಾನ್‌ರಾಡ್' ಎಂದು ಹೆಸರು. ಮುರಿದರೆ ಎಂಜಿನ್ ಬ್ಲಾಕನ್ನೇ ತೂತು ಮಾಡಿ ಹೊರಬರುತ್ತದೆ. ಮಾರಾಟಗಾರರ ಕ್ಯಾಟಲಾಗುಗಳಲ್ಲಿ ಮಾತ್ರ ಅದರ ಬಲವನ್ನು 'ಇಷ್ಟು ಅಶ್ವಶಕ್ತಿ ತಡೆಯುತ್ತದೆ' ಎಂದು ಹೇಳುವ ವಾಡಿಕೆ ಇದೆ. ನಮ್ಮ ಆಕ್ಷೇಪ ಈ ಅಳತೆಯ ಮೇಲೆ.

ಅನಿಲದ ಒತ್ತಡ ರಾಡನ್ನು ಅದುಮುತ್ತದೆ. ಉಕ್ಕು ಅದುಮುವಿಕೆಯನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಅಪಾಯ ಹೆಚ್ಚಾಗಿರುವುದು ಎಳೆತದಲ್ಲಿ. ಹೊಗೆ ಹೊರಹಾಕುವ ಸ್ಟ್ರೋಕಿನ ಕೊನೆಯಲ್ಲಿ, ಮೇಲೆ ಧಾವಿಸುವ ಪಿಸ್ಟನ್ನನ್ನು ತಡೆದು ಕೆಳಗೆಳೆಯುವ ಕೆಲಸವೆಲ್ಲ ರಾಡಿನದು. ಆಗ ಎದುರು ಒತ್ತುವ ಅನಿಲವೂ ಇಲ್ಲ. ಅಲ್ಲಿ ವೇಗೋತ್ಕರ್ಷವೆಂದರೆ ಕ್ರ್ಯಾಂಕಿನ ತ್ರಿಜ್ಯ × ಕೋನವೇಗದ ವರ್ಗ × (1 + ತ್ರಿಜ್ಯ/ರಾಡಿನ ಉದ್ದ). ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಜಿಪ್ಸಿಯ ಸ್ಟ್ರೋಕ್ 75.5 ಮಿ.ಮೀ., ಅಂದರೆ ತ್ರಿಜ್ಯ 37.75 ಮಿ.ಮೀ. ಕೊನೆಯ ಅನುಪಾತ 0.3 ಎಂದಿಟ್ಟುಕೊಂಡರೆ ನಿಮಿಷಕ್ಕೆ 6000 ಸುತ್ತಿನಲ್ಲಿ ವೇಗೋತ್ಕರ್ಷ ಸುಮಾರು 19,400 ಮೀ/ಸೆ², ಗುರುತ್ವದ ಸುಮಾರು ಎರಡು ಸಾವಿರ ಪಟ್ಟು! ಪಿಸ್ಟನ್, ಪಿನ್, ರಾಡಿನ ಮೇಲ್ಭಾಗ ಸೇರಿ 400 ಗ್ರಾಂ ಆದರೆ ಎಳೆತ ಸುಮಾರು 7,750 ನ್ಯೂಟನ್. 8000 ಸುತ್ತಿನಲ್ಲಿ ಅದು 13,800ರ ಹತ್ತಿರ. ಸುತ್ತು ಮೂರನೇ ಒಂದರಷ್ಟು ಏರಿದರೆ ಎಳೆತ ಮುಕ್ಕಾಲು ಪಾಲಿಗೂ ಹೆಚ್ಚು ಏರಿತು. ಅದೇ ಸುತ್ತಿನಲ್ಲಿ ಟರ್ಬೊ ಹಾಕಿ ಶಕ್ತಿ ಹೆಚ್ಚಿಸಿದರೆ ಈ ಎಳೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾದರೆ ಸುತ್ತನ್ನು ಹೇಳದೆ ಅಶ್ವಶಕ್ತಿಯೊಂದನ್ನೇ ಹೇಳುವುದಕ್ಕೆ ಏನರ್ಥ?

'ಎಚ್' ಆಕಾರವೋ 'ಐ' ಆಕಾರವೋ ಎಂಬ ವಾದಕ್ಕೂ ಅಗತ್ಯಕ್ಕಿಂತ ಹೆಚ್ಚು ಬೆಲೆ ಸಿಕ್ಕಿದೆ. ಎರಡರಲ್ಲೂ ಒಳ್ಳೆಯವಿವೆ, ಕೆಟ್ಟವೂ ಇವೆ. 8000 ಸುತ್ತಿನಲ್ಲಿ ನಿಮಿಷಕ್ಕೆ 4000 ಸಲ ಈ ಎಳೆತ ಬೀಳುವುದರಿಂದ ಲೋಹ ದಣಿಯುತ್ತದೆ. ಬಿರುಕು ಹುಟ್ಟುವುದು ಸಾಮಾನ್ಯವಾಗಿ ಮೇಲ್ಮೈಯ ಗೀರಿನಲ್ಲಿ. ಆದ್ದರಿಂದ ಮಿಶ್ರಲೋಹ ಯಾವುದು (4340 ಉಕ್ಕು ಇಲ್ಲಿ ಹೆಸರಾದದ್ದು), ಅದನ್ನು ಹೇಗೆ ಹದ ಮಾಡಿದ್ದಾರೆ, ಸಣ್ಣ ಉಕ್ಕಿನ ಗುಂಡುಗಳನ್ನು ಬಡಿಸಿ ಮೇಲ್ಮೈ ಗಟ್ಟಿ ಮಾಡಿದ್ದಾರೆಯೇ ಎಂದು ಕೇಳಬೇಕು. ಅಲ್ಯೂಮಿನಿಯಂ ರಾಡು ಹಗುರ, ನಿಜ. ಆದರೆ ಉಕ್ಕಿಗಿರುವಂಥ ದಣಿವಿನ ಮಿತಿ ಅದಕ್ಕಿಲ್ಲ. ನಿತ್ಯ ಓಡಿಸುವ ಗಾಡಿಗೆ ಅದು ತಕ್ಕದ್ದಲ್ಲ.

ಇನ್ನು ಬೋಲ್ಟು. ರಾಡಿನ ಕೆಳ ಟೋಪಿಯನ್ನು ಹಿಡಿದಿರುವುದು ಸಾಮಾನ್ಯವಾಗಿ ಎರಡೇ ಬೋಲ್ಟು. ಎಳೆತವೆಲ್ಲ ಅಲ್ಲಿಗೇ ಬರುತ್ತದೆ. ಬಿಗಿತ ಎಳೆತಕ್ಕಿಂತ ಕಡಿಮೆಯಾದರೆ ಸಂದು ಬಾಯಿ ತೆರೆದು ಬೋಲ್ಟು ಬೇಗ ದಣಿಯುತ್ತದೆ. ಟಾರ್ಕ್ ರೆಂಚಿನ ಅಂಕಿಯ ಬಹುಪಾಲು ಘರ್ಷಣೆಗೇ ಹೋಗುವುದರಿಂದ ಹಚ್ಚಿದ ಎಣ್ಣೆ ಬದಲಾದರೆ ಬಿಗಿತವೂ ಬದಲಾಗುತ್ತದೆ. ಬೋಲ್ಟು ಎಷ್ಟು ಹಿಗ್ಗಿತೆಂದು ಮೈಕ್ರೋಮೀಟರಿನಲ್ಲಿ ಅಳೆಯುವುದೇ ನಂಬಬಹುದಾದ ದಾರಿ. ಹಳೆಯ ರಾಡಿಗೆ ಹೊಸ ಬೋಲ್ಟು ಹಾಕಿದವರು ದೊಡ್ಡ ಕಣ್ಣಿನ ದುಂಡುತನವನ್ನು ಮತ್ತೆ ಅಳೆದು ಸರಿಪಡಿಸಲೇಬೇಕು. ರಾಡಿಗೆ ಸಾವಿರಾರು ರೂಪಾಯಿ ಸುರಿದು ಈ ಅಳತೆಗೆ ಅರ್ಧ ಗಂಟೆ ಕೊಡದ ಗ್ಯಾರೇಜಿಗಿಂತ, ಕಂಪನಿಯ ಮೂಲ ರಾಡನ್ನೇ ಉಳಿಸಿಕೊಂಡು ಸುತ್ತಿಗೆ ಮಿತಿ ಹಾಕುವ ಗ್ಯಾರೇಜು ಮೇಲು.