ಗುರುತ್ವವಾದಗಳಲ್ಲಿ ‘ಇಷ್ಟ’ದ ಎಣಿಕೆ

ಐನ್‌ಸ್ಟೈನರು 1915ರಲ್ಲಿ ಪ್ರತಿಪಾದಿಸಿದ ಗುರುತ್ವವಾದವನ್ನು ಪರಿಷ್ಕರಿಸಿ ಅನೇಕ ನೂತನವಾದಗಳು ಹುಟ್ಟಿರುವುವು. ಅಂತಹ ವಾದದಲ್ಲಿ ಮೊದಲು ನಿರ್ಣಯಿಸತಕ್ಕದ್ದು, ಸ್ವತಂತ್ರವಾಗಿ ಚಲಿಸಬಲ್ಲ ರಾಶಿಗಳು ಎಷ್ಟೆಂಬುದು. ಆಂಗ್ಲರು ಇದನ್ನು ‘ಡಿಗ್ರೀಸ್ ಆಫ್ ಫ್ರೀಡಂ’ ಎನ್ನುವರು. ಪದಕ್ಕೆ ಪದವಿಟ್ಟು ‘ಸ್ವಾತಂತ್ರ್ಯಾಂಶ’ವೆಂದರೆ, ಅಂಶಶಬ್ದವು ವೃತ್ತದ 360ನೆಯ ಭಾಗವನ್ನು ನೆನಪಿಗೆ ತಂದು, ವಿವಕ್ಷಿತವಾದ ಎಣಿಕೆಯನ್ನೇ ಮರೆಸುತ್ತದೆ.

ಇದಕ್ಕೆ ಸಮೀಪವಾದ ಮಾತು ನಮ್ಮ ಗಣಿತದಲ್ಲಿಯೇ ಉಂಟು. ಮಳಖೇಡದ ಅಮೋಘವರ್ಷನ ಕಾಲದವನಾದ ಮಹಾವೀರಾಚಾರ್ಯನೂ, 12ನೆಯ ಶತಮಾನದ ಭಾಸ್ಕರಾಚಾರ್ಯನೂ ಸ್ವೇಚ್ಛೆಯಿಂದ ಕಲ್ಪಿಸುವ ಸಂಖ್ಯೆಯನ್ನು ‘ಇಷ್ಟ’ವೆಂದು ಕರೆದಿರುವರು. ಅವ್ಯಕ್ತಗಳು ಮೂರು, ಸಮೀಕರಣಗಳು ಎರಡು ಆದರೆ ಒಂದು ಅವ್ಯಕ್ತವು ಇಷ್ಟಾಧೀನ. ಆದರೆ ಒಂದೇ ಸಮೀಕರಣವನ್ನು ಇಮ್ಮಡಿಸಿ ಬರೆದರೆ ಅದು ಎರಡನೆಯದಾಗದು. ಎಣಿಸತಕ್ಕದ್ದು ಅಕ್ಷರಗಳನ್ನಲ್ಲ, ಪರಸ್ಪರ ಸ್ವತಂತ್ರವಾದವುಗಳನ್ನು.

ಐನ್‌ಸ್ಟೈನರ ವಾದದಲ್ಲಿ ದೇಶಕಾಲಗಳ ಮಾನವನ್ನು ಹೇಳುವ ರಾಶಿಗಳು 10. ನಿರ್ದೇಶಾಂಕಗಳ ಆಯ್ಕೆಯಿಂದ 4, ನಿಯಾಮಕ ಸಮೀಕರಣಗಳಿಂದ 4 ಕಳೆದು 2 ಉಳಿಯುವುವು. ಗುರುತ್ವತರಂಗದ ಎರಡು ಕಂಪನರೀತಿಗಳು ಇವೇ. ವಕ್ರತೆಯ ವರ್ಗವನ್ನು ಕೂಡಿಸಿದ ವಾದದಲ್ಲಿಯೂ ಬರೆದ ರಾಶಿಗಳು ಹತ್ತೇ; ಆದರೂ ಸ್ವತಂತ್ರವಾದುವು 3. ಸಮೀಕರಣಗಳಲ್ಲಿ ನಾಲ್ಕನೆಯ ಅವಕಲನದವರೆಗೆ ಬರುವುದರಿಂದ, ವಕ್ರತೆಯೇ ಒಂದು ಸ್ವತಂತ್ರರಾಶಿಯಾಗಿ ನಿಲ್ಲುವುದು. ಹೆಸರು ಹೆಚ್ಚದಿದ್ದರೂ ಸ್ವಾತಂತ್ರ್ಯ ಹೆಚ್ಚಿತು.

ಈ ಎಣಿಕೆಯಲ್ಲಿ ತಪ್ಪಿದರೆ ವಾದವೇ ಕುಸಿಯುವುದು. ಗುರುತ್ವಕಣಕ್ಕೆ ದ್ರವ್ಯರಾಶಿಯುಂಟೆಂಬ ವಾದವನ್ನು 1939ರಲ್ಲಿ ಫಿಯರ್ಟ್ಸ್ ಮತ್ತು ಪೌಲಿ ಹೂಡಿದಾಗ ಸಂಖ್ಯೆ 5 ಆಗಿತ್ತು. 1972ರಲ್ಲಿ ಬೌಲ್‌ವೇರ್ ಮತ್ತು ಡೆಸರ್, ವಾದವನ್ನು ಪೂರ್ಣರೂಪಕ್ಕೆ ವಿಸ್ತರಿಸಿದರೆ ಆರನೆಯದೊಂದು ತಲೆಯೆತ್ತುವುದೆಂದು ತೋರಿಸಿದರು. ಅದರ ಶಕ್ತಿ ಋಣವಾಗಬಲ್ಲುದರಿಂದ ವ್ಯವಸ್ಥೆಗೆ ನೆಲೆ ತಪ್ಪುವುದು. 2010ರಲ್ಲಿ ಡಿ ರಾಮ್, ಗಬದಾಜ್ಝೆ, ಟೋಲಿ ಇವರು ಅದನ್ನು ತೊಡೆಯುವ ರೂಪವನ್ನು ಕಟ್ಟಿದರು. ಆಂಗ್ಲರು ‘ಘೋಸ್ಟ್’ ಎನ್ನುವ ಈ ಆರನೆಯದನ್ನು ‘ಭೂತ’ವೆನ್ನುವುದು ಸಮಂಜಸವಲ್ಲ, ಪಂಚಭೂತಗಳೊಡನೆ ಸಂಕರವಾಗುವುದು. ‘ಪ್ರೇತ’ವೆಂಬುದೇ ಲೇಸು.

ಹಾಗೆಂದು ಭಾಸ್ಕರನಿಗೆ ಐನ್‌ಸ್ಟೈನರ ಶಾಸ್ತ್ರ ತಿಳಿದಿತ್ತೆಂದು ಸಾಧಿಸಹೊರಡುವುದು ಅವಿಚಾರ. ಅವನ ಇಷ್ಟವು ಕೇವಲ ಒಂದು ಸಂಖ್ಯೆ. ಇಲ್ಲಿ ಒಂದೊಂದು ಸ್ವತಂತ್ರರಾಶಿಗೂ ಆದಿಕ್ಷಣದ ಬೆಲೆ, ಅದರ ವೇಗ ಎಂಬ ಎರಡು ಇಷ್ಟಗಳು ಪ್ರತಿಯೊಂದು ಬಿಂದುವಿನಲ್ಲಿಯೂ ಬೇಕು. ಪೂರ್ವಾಚಾರ್ಯರಿಂದ ಬಂದ ಪದವನ್ನು ಬಳಸುವುದು ಯುಕ್ತ. ಅವರು ಹೇಳದ ಅರ್ಥವನ್ನು ಅವರ ಮೇಲೆ ಹೊರಿಸುವುದು ಅಯುಕ್ತ.