ಮಿತವ್ಯಯದ ಪ್ರವಾಸವೂ ಅದ್ಭುತರಸವೂ

ಪ್ರವಾಸಗ್ರಂಥವನ್ನು ಕೈಗೆತ್ತಿಕೊಂಡಾಗ, ಬರೆದವರು ಯಾರ ಆಶ್ರಯದಲ್ಲಿ ಹೋದರೆಂಬುದನ್ನು ಮೊದಲು ವಿಚಾರಿಸಬೇಕೆಂದು ನಮ್ಮ ಮತ. ಇದು ಕಿರಾಣಿ ಅಂಗಡಿಯವರ ಪ್ರಶ್ನೆಯೆಂದು ವಾಚಕರು ನಗಬಾರದು; ರಸವಿಚಾರಕ್ಕೇ ಸಂಬಂಧಿಸಿದ್ದು. ನಮ್ಮ ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಕಡಲು ದಾಟಿದಾಗ ಆಚೆಯ ದಡದಲ್ಲಿ ಅವರಿಗಾಗಿ ಆಕ್ಸ್‌ಫರ್ಡಿನ ವಿದ್ಯಾಪೀಠವು ಕಾದಿದ್ದಿತು. ಕಾಯುವವರೇ ಇಲ್ಲದ ನಾಡಿಗೆ ಹೋಗುವವರ ಬರವಣಿಗೆಯ ಗತಿಯೇ ಬೇರೆ.

ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇಂಥ ಕೃತಿ. ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರರಾಗಿದ್ದ ಈ ಲೇಖಕಿಯು ಪ್ರವಾಸ ಕಂಪನಿಯ ಬೆಂಗಾವಲಿಲ್ಲದೆ, ಗೆಳತಿಯೊಬ್ಬರ ಜೊತೆಯಲ್ಲಿ, ಮಿತವಾದ ಹಣದಿಂದ ದಕ್ಷಿಣ ಅಮೇರಿಕವನ್ನು ಸುತ್ತಿದರು. ಪೆರು ದೇಶವು ಉಷ್ಣವಲಯದಲ್ಲಿಯೇ ಇರುವದು. ಆದರೂ ಅದರ ಕುಸ್ಕೋ ಪಟ್ಟಣವು ಸುಮಾರು 3400 ಮೀಟರ್ ಎತ್ತರದಲ್ಲಿದ್ದು, ಚಳಿಗೆ ಮೈ ನಡುಗುವದು, ಉಸಿರು ಸಾಲದಾಗುವದು.

ಅದ್ಭುತಕ್ಕೆ ವಿಸ್ಮಯವು ಸ್ಥಾಯಿಯೆಂದು ಭರತನ ಮತ. ಆವೇಗ, ಹರ್ಷಾದಿಗಳು ಅದನ್ನು ಪೋಷಿಸುವವು. ಮಾರ್ಗದರ್ಶಕನು ಗಡಿಯಾರ ನೋಡಿ ‘ಇಗೋ ಅದ್ಭುತ’ ಎಂದು ಬೆರಳು ತೋರುವಲ್ಲಿ ಆವೇಗಕ್ಕೆ ಎಡೆ ಎಲ್ಲಿಯದು? ರಾತ್ರಿ ಎಲ್ಲಿ ತಂಗುವದೆಂದು ತಿಳಿಯದವಳಿಗೆ ಬೆಳಗಿನಲ್ಲಿ ಮಾಚು ಪಿಚುವಿನ ಕಲ್ಲುಗೋಡೆಗಳು ಕಂಡರೆ ವಿಸ್ಮಯವು ಹಣ್ಣಾಗಿ ಬರುವದು. ಆದರೆ ಇಲ್ಲಿ ಒಂದು ಅಪಾಯವುಂಟು. ಪಟ್ಟ ಪಾಡನ್ನೇ ಎಳೆದೆಳೆದು ಹೇಳಿದರೆ ಭಯವು ಮೇಲಾಗಿ ಅದ್ಭುತವು ಸೊರಗುವದು. ಅಗ್ಗದ ಪ್ರವಾಸವನ್ನು ಬಣ್ಣಿಸುವ ಬಹುಮಂದಿ ಎಡವುವದು ಇಲ್ಲಿಯೇ. ನೇಮಿಚಂದ್ರರ ಮನಸ್ಸು ತಮ್ಮ ಕಷ್ಟಕ್ಕಿಂತ, 1532ರಲ್ಲಿ ಪಿಜಾರೋನ ಕೈಗೆ ಸೆರೆಸಿಕ್ಕ ಇಂಕಾ ಅರಸನ ನಾಡಿನ ಕಡೆಗೇ ಒಲಿದಿರುವದು. ಕೃತಿಯ ಗೆಲವು ಇದರಲ್ಲಿದೆ.

ಮರಾಠಿ ಬಲ್ಲ ವಾಚಕರಿಗೆ ವಿಷ್ಣುಭಟ್ಟ ಗೋಡಸೆಯವರ ‘ಮಾಝಾ ಪ್ರವಾಸ’ವು ನೆನಪಾದೀತು. ದಕ್ಷಿಣೆಯಾಸೆಯಿಂದ ಉತ್ತರಕ್ಕೆ ಹೋದ ಆ ಬಡ ವೈದಿಕರು 1857ರ ದಂಗೆಯಲ್ಲಿ ಸಿಕ್ಕಿಕೊಂಡು, ಝಾನ್ಸಿಯ ಪತನವನ್ನು ಕಣ್ಣಾರೆ ಕಂಡರು. ಗ್ರಂಥವು 1907ರಲ್ಲಿ ಅಚ್ಚಾಯಿತು. ಗಂಟು ಸಣ್ಣದಾದ್ದರಿಂದಲೇ ಅವರು ಜನರ ಜಗಲಿಗಳಲ್ಲಿ ಕುಳಿತರು, ಕಂಡದ್ದನ್ನು ಬರೆದರು.

ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ಬಡ ದೇಶದ ಸಂತೆಯಲ್ಲಿ ಚೌಕಾಸಿ ಮಾಡಿ ಅರ್ಧ ಬೆಲೆಗೆ ಕಂಬಳಿ ತಂದೆನೆಂಬ ವರ್ಣನೆಯು ಈಗಿನ ಪ್ರವಾಸಲೇಖನಗಳಲ್ಲಿ ವೀರರಸದ ಸ್ಥಾನವನ್ನು ಆಕ್ರಮಿಸಿದೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲಗಳ ಮೇಲೆ ಕುಳಿತು ದರಕ್ಕಾಗಿ ಕಾಯುವ ರೈತನನ್ನು ನಾವು ಬಲ್ಲೆವು. 2024ರ ಮಾರ್ಚಿಯಲ್ಲಿ ದರ ಬಿದ್ದಾಗ ಅಲ್ಲಿ ಹೊತ್ತಿದ ಬೆಂಕಿಯನ್ನೂ ಬಲ್ಲೆವು. (ಆ ಕಾಯಿಯೂ ಪೋರ್ತುಗೀಜರ ಹಡಗಿನಲ್ಲಿ ಅಮೇರಿಕ ಖಂಡದಿಂದ ಬಂದ ಪ್ರವಾಸಿಯೇ!) ಅಂಥ ಊರಿನವನು ಪರದೇಶದಲ್ಲಿ ನೇಕಾರಳ ಮುಂದೆ ನಿಂತು ನಾಲ್ಕು ಕಾಸು ಕಸಿದು ಹಿಗ್ಗಿದರೆ ಅದು ಹಾಸ್ಯವೂ ಅಲ್ಲ, ವೀರವೂ ಅಲ್ಲ, ರಸಾಭಾಸ. ತನ್ನ ಊಟ, ವಸತಿ, ಬಸ್ಸುಗಳಲ್ಲಿ ಮಿತವ್ಯಯ ಮಾಡಲಿ. ಅದು ಅವನ ಹೊಟ್ಟೆಯ ಮಾತು.

ಹಾವೇರಿ, ರಾಣೇಬೆನ್ನೂರುಗಳ ತರುಣರು ಸಿಂಹಳದಂಥ ಸಣ್ಣ ದೇಶಗಳಿಗೆ ತಾವೇ ಹೊರಟು ಬರೆಯುವದಾದರೆ, ಯಾವ ಊರಿನಲ್ಲಿ ಯಾರಿಗೆ ಎಷ್ಟು ಕೊಟ್ಟರೆಂಬುದನ್ನೂ, ಕೊಂಡವನು ಆ ಬೆಲೆಗೆ ಒಪ್ಪಿದಾಗ ಮಾರಿದವರ ಮುಖ ಹೇಗಿತ್ತೆಂಬುದನ್ನೂ ಬರೆಯಲಿ. ಛಾಯಾಚಿತ್ರಗಳು ಎರಡು ಕಡಿಮೆಯಾದರೂ ಆದೀತು.